ಹೆಜ್ಜೆಗುರುತು ಓದಿದ ಬೇಟೆಗಾರ: ಆಲ್ಡೊ ಲಿಯೊಪೋಲ್ಡ್

ಬೇಟೆ ಎಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದು ಕೋವಿ, ಗುಂಡಿನ ಸದ್ದು ಮತ್ತು ನೆಲಕ್ಕುರುಳಿದ ಪ್ರಾಣಿ. ಆದರೆ ನಿಜವಾದ ಬೇಟೆಗಾರನ ಬದುಕಿನಲ್ಲಿ ಗುಂಡು ಹಾರುವ ಕ್ಷಣ ಅತ್ಯಲ್ಪ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೋವಿಯಿಂದ ಜಿಂಕೆ ಬೇಟೆಯಾಡುವ ಮುಖ್ಯ ಅವಧಿ ನವೆಂಬರ್ ತಿಂಗಳ ಕೆಲವೇ ದಿನಗಳು. ವರ್ಷದ ಮಿಕ್ಕ ದಿನಗಳಲ್ಲಿ ಆ ನಾಡಿನ ಬೇಟೆಗಾರ ಬರಿಗೈಯಲ್ಲಿ ಕಾಡು ಸುತ್ತುತ್ತಾನೆ. ಚಳಿಗಾಲದಲ್ಲಿ ಉದುರಿಬಿದ್ದ ಕವಲುಗೊಂಬುಗಳನ್ನು ಹುಡುಕುತ್ತಾನೆ. ಹಿಮದ ಮೇಲಿನ ಹೆಜ್ಜೆಗುರುತುಗಳಿಂದ ಜಿಂಕೆಗಳ ಜಾಡನ್ನು ತಿಳಿಯುತ್ತಾನೆ. ವಸಂತದಲ್ಲಿ ಯಾವ ಚಿಗುರನ್ನು ಅವು ಕಡಿದಿವೆ, ಬೇಸಿಗೆಯಲ್ಲಿ ಎಲ್ಲಿ ಮಲಗೆದ್ದಿವೆ, ಶರದೃತುವಿನಲ್ಲಿ ಯಾವ ಮರದ ತೊಗಟೆಗೆ ಗಂಡು ಜಿಂಕೆ ತನ್ನ ಕೊಂಬನ್ನು ಉಜ್ಜಿದೆ ಎಂಬುದನ್ನೆಲ್ಲ ಗುರುತಿಟ್ಟುಕೊಳ್ಳುತ್ತಾನೆ. ಇದೊಂದು ಹವ್ಯಾಸ, ಹಲವರಿಗೆ ಇದೊಂದು ಗೀಳು. ಇಂಥ ಗೀಳನ್ನೇ ಸಾಧನೆಯ ಮಟ್ಟಕ್ಕೇರಿಸಿ, ಅದರಿಂದ ಒಂದು ಹೊಸ ಶಾಸ್ತ್ರವನ್ನೂ ಹೊಸ ನೀತಿಯನ್ನೂ ಕಟ್ಟಿಕೊಟ್ಟವರು ಆಲ್ಡೊ ಲಿಯೊಪೋಲ್ಡ್.

ಲಿಯೊಪೋಲ್ಡ್ ಅವರು ಜನಿಸಿದ್ದು 1887ರ ಜನವರಿ 11ರಂದು, ಅಯೋವಾ ರಾಜ್ಯದ ಬರ್ಲಿಂಗ್ಟನ್ ಪಟ್ಟಣದಲ್ಲಿ. ಮನೆಯಿದ್ದುದು ಮಿಸಿಸಿಪ್ಪಿ ನದಿಯ ದಂಡೆಯ ಎತ್ತರದ ದಿಬ್ಬದ ಮೇಲೆ. ಜರ್ಮನ್ ಮೂಲದ ಕುಟುಂಬ. ಮನೆಯಲ್ಲಿ ಆಡುತ್ತಿದ್ದುದೂ ಜರ್ಮನ್ ಭಾಷೆಯೇ. ತಂದೆ ಕಾರ್ಲ್ ಅವರದು ಮೇಜುಗಳನ್ನು ತಯಾರಿಸುವ ಉದ್ಯಮ. ವಾರವೆಲ್ಲ ವ್ಯವಹಾರ ನೋಡಿಕೊಳ್ಳುತ್ತಿದ್ದ ಅವರು ಬಿಡುವು ದೊರೆತಾಗ ಮಕ್ಕಳನ್ನು ಕರೆದುಕೊಂಡು ನದಿಯ ಜೌಗು ಬಯಲಿಗೆ ಹೊರಟುಬಿಡುತ್ತಿದ್ದರು. ಕಾರ್ಲ್ ನುರಿತ ಬೇಟೆಗಾರರು. ಆದರೆ ಅವರು ತಮಗೆ ತಾವೇ ಮಿತಿ ಹಾಕಿಕೊಂಡಿದ್ದರು. ನೀರುಹಕ್ಕಿಗಳು ಗೂಡು ಕಟ್ಟಲು ಹೊರಡುವ ವಸಂತಕಾಲದಲ್ಲಿ ಅವುಗಳ ಮೇಲೆ ಕೋವಿಯೆತ್ತುವುದನ್ನು ಬಿಟ್ಟುಬಿಟ್ಟರು. ಮಗನಿಗೆ ಅವರು ಮೊದಲು ಕಲಿಸಿದ್ದು ಕೆಸರಿನ ಮೇಲಿನ ಗುರುತನ್ನು ಓದುವುದನ್ನು, ಪೊಳ್ಳು ಮರದೊಳಗೆ ಇಣುಕಿ ಅಲ್ಲಿ ಯಾರ ವಾಸವಿದೆಯೆಂದು ತಿಳಿಯುವುದನ್ನು. ಗುರಿಯಿಡುವ ವಿದ್ಯೆ ಆಮೇಲಿನದು.

1904ರಲ್ಲಿ ನ್ಯೂಜೆರ್ಸಿಯ ಲಾರೆನ್ಸ್‌ವಿಲ್ ಶಾಲೆಗೆ ಸೇರಿದಾಗಲೂ ಈ ಅಭ್ಯಾಸ ತಪ್ಪಲಿಲ್ಲ. ಸುತ್ತಲಿನ ಹೊಲ, ತೋಪುಗಳನ್ನು ಅಲೆದು, ಕಂಡ ಹಕ್ಕಿ, ಹೂ, ಜಾಡುಗಳ ವಿವರವನ್ನು ಮನೆಗೆ ಪತ್ರಗಳಲ್ಲಿ ಬರೆದು ಕಳುಹಿಸುತ್ತಿದ್ದರು. ಬಳಿಕ ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು, 1909ರಲ್ಲಿ ಅಮೆರಿಕದ ಅರಣ್ಯ ಇಲಾಖೆಗೆ ಸೇರಿದರು. ಮೊದಲ ನೇಮಕ ಅರಿಜೋನಾದ ಅಪಾಚೆ ಅರಣ್ಯಕ್ಕೆ. ಆಗ ಅವರಿಗೆ 22 ವರ್ಷ.

ಅಲ್ಲಿಯೇ, ಅದೇ ವರ್ಷ, ಅವರ ಬದುಕಿನ ಬಹುದೊಡ್ಡ ಘಟನೆ ನಡೆಯಿತು. ಅದರ ಅರ್ಥ ಅವರಿಗೆ ಹೊಳೆದದ್ದು ಮಾತ್ರ ದಶಕಗಳ ಅನಂತರ. ಸಂಗಡಿಗನೊಂದಿಗೆ ಬಂಡೆಯಂಚಿನಲ್ಲಿ ಕುಳಿತು ಬುತ್ತಿ ಉಣ್ಣುತ್ತಿದ್ದಾಗ, ಕೆಳಗೆ ರಭಸದ ಹೊಳೆಯನ್ನು ಪ್ರಾಣಿಯೊಂದು ದಾಟುತ್ತಿರುವುದು ಕಂಡಿತು. ಹೆಣ್ಣು ಜಿಂಕೆಯೆಂದೇ ಮೊದಲು ಭಾವಿಸಿದರು. ದಡಕ್ಕೆ ಬಂದು ಮೈಕೊಡವಿದಾಗ ಅದು ತೋಳವೆಂದು ತಿಳಿಯಿತು. ಎದುರುಗೊಳ್ಳಲು ಮರಿಗಳೂ ಓಡಿಬಂದವು. ತೋಳವನ್ನು ಕಂಡರೆ ಕೊಲ್ಲಬೇಕೆಂಬುದು ಆ ಕಾಲದ ನಿರ್ವಿವಾದ ನಿಯಮ. ಇಬ್ಬರೂ ಗುಂಡಿನ ಮಳೆ ಸುರಿಸಿದರು. ಕೆಳಗಿಳಿದು ಬಂದಾಗ ಮುದಿ ತೋಳದ ಕಣ್ಣಿನ ಬೆಳಕು ಆರುತ್ತಿರುವುದನ್ನು ತರುಣ ಅಧಿಕಾರಿ ನೋಡಿದರು. ತೋಳ ಕಡಿಮೆಯಾದರೆ ಜಿಂಕೆ ಹೆಚ್ಚುತ್ತದೆ, ತೋಳವೇ ಇಲ್ಲದಿದ್ದರೆ ಬೇಟೆಗಾರನಿಗೆ ಅದೇ ಸ್ವರ್ಗ ಎಂಬ ಲೆಕ್ಕಾಚಾರ ಅಂದು ಅವರದೂ ಆಗಿತ್ತು.

1912ರ ಅಕ್ಟೋಬರ್‌ನಲ್ಲಿ ಸಾಂತಾಫೆಯ ಎಸ್ಟೆಲ್ಲಾ ಬರ್ಗೆರೆ ಅವರೊಂದಿಗೆ ವಿವಾಹವಾಯಿತು. ಮರುವರ್ಷವೇ ಮಳೆ, ಹಿಮಗಾಳಿಗಳಲ್ಲಿ ಸಿಲುಕಿ ನೆನೆದು, ಮೂತ್ರಪಿಂಡದ ಕಾಯಿಲೆಗೆ ತುತ್ತಾಗಿ ಸಾವಿನ ದವಡೆಯವರೆಗೂ ಹೋಗಿ ಬಂದರು. ಚೇತರಿಕೆಗೆ ಒಂದೂವರೆ ವರ್ಷ ಹಿಡಿಯಿತು. ಮರಳಿ ಕೆಲಸಕ್ಕೆ ಬಂದ ಮೇಲೆ ನ್ಯೂಮೆಕ್ಸಿಕೋ ರಾಜ್ಯದ ಊರೂರುಗಳಲ್ಲಿ ಬೇಟೆಪ್ರಾಣಿ ಸಂರಕ್ಷಣಾ ಸಂಘಗಳನ್ನು ಕಟ್ಟಿದರು. ಕಳ್ಳಬೇಟೆ ನಿಲ್ಲಬೇಕು, ಕಾನೂನು ಜಾರಿಯಾಗಬೇಕು ಎಂದು ವಾದಿಸಿದರು. ಅದೇ ಉಸಿರಿನಲ್ಲಿ, ತೋಳ ಮತ್ತು ಬೆಟ್ಟದ ಸಿಂಹಗಳನ್ನು ಕಡೆಯದೊಂದೂ ಉಳಿಯದಂತೆ ನಿರ್ಮೂಲ ಮಾಡಬೇಕೆಂದೂ ಪ್ರತಿಪಾದಿಸಿದರು. ಇದನ್ನು ಮರೆಮಾಚಿದರೆ ಅವರ ಜೀವನಚರಿತ್ರೆಯೇ ಅಪೂರ್ಣ.

1924 ಅವರ ಬಾಳಿನಲ್ಲಿ ಎರಡು ಕಾರಣಗಳಿಗಾಗಿ ಮುಖ್ಯವಾದ ವರ್ಷ. ಅವರ ಒತ್ತಾಯದ ಫಲವಾಗಿ ನ್ಯೂಮೆಕ್ಸಿಕೋದ ಗಿಲಾ ಅರಣ್ಯದ ವಿಶಾಲ ಭಾಗವೊಂದನ್ನು ರಸ್ತೆ, ಕಟ್ಟಡಗಳಿಲ್ಲದ ವನ್ಯಪ್ರದೇಶವನ್ನಾಗಿ ಕಾಯ್ದಿರಿಸಲಾಯಿತು. ದೇಶದಲ್ಲಿಯೇ ಇಂಥದು ಮೊದಲನೆಯದು. ಅದೇ ವರ್ಷ ಅವರು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರಕ್ಕೆ ವರ್ಗವಾಗಿ ಹೋದರು. ಅಲ್ಲಿ ಬಿಲ್ಲುವಿದ್ಯೆಯ ಹುಚ್ಚು ಹಿಡಿಯಿತು. ಬಿಲ್ಲು ಬಾಣಗಳನ್ನು ತಮ್ಮ ಕೈಯಿಂದಲೇ ಕೆತ್ತಿ ಮಾಡುತ್ತಿದ್ದರು. ಪತ್ನಿ ಎಸ್ಟೆಲ್ಲಾ ಈ ವಿದ್ಯೆಯಲ್ಲಿ ಪತಿಯನ್ನು ಮೀರಿಸಿ, ರಾಜ್ಯಮಟ್ಟದ ಮಹಿಳಾ ಚಾಂಪಿಯನ್ ಎನಿಸಿಕೊಂಡರು. ಬಿಲ್ಲು ಹಿಡಿದವನು ಜಿಂಕೆಗೆ ಬಹಳ ಹತ್ತಿರ ಹೋಗಬೇಕು. ಗಾಳಿಯ ದಿಕ್ಕು, ಜಾಡು, ಮೇವಿನ ಹೊತ್ತು ಎಲ್ಲವನ್ನೂ ಬಲ್ಲವನಾಗಿರಬೇಕು. ಬರಿಗೈಯಲ್ಲಿ ಮರಳುವುದೇ ಹೆಚ್ಚು. ಆದರೂ ಲಿಯೊಪೋಲ್ಡ್ ಮತ್ತೆ ಮತ್ತೆ ಹೊರಟರು.

ಗಿಲಾದಲ್ಲಿ ವಿಧಿಯ ವ್ಯಂಗ್ಯವೊಂದು ಅವರಿಗಾಗಿ ಕಾದಿತ್ತು. ತೋಳಗಳಿಲ್ಲದ ಕಾಡಿನಲ್ಲಿ ಜಿಂಕೆಗಳು ಮಿತಿಮೀರಿ ಹೆಚ್ಚಿದವು. ಅವುಗಳ ಸಂಖ್ಯೆಯನ್ನು ಇಳಿಸಲು ಬೇಟೆಗಾರರು ಒಳನಾಡಿಗೆ ಹೋಗಬೇಕು. ಅವರು ಹೋಗಲು ರಸ್ತೆ ಬೇಕು. ಹೀಗೆ 1930ರ ಸುಮಾರಿಗೆ ಅವರೇ ಕಾಯ್ದಿರಿಸಿದ್ದ ವನ್ಯಪ್ರದೇಶವನ್ನು ಸೀಳಿಕೊಂಡು ರಸ್ತೆಯೊಂದು ಹಾದುಹೋಯಿತು. ತೋಳವನ್ನು ಕೊಂದ ಸಾಲದ ಬಡ್ಡಿಯನ್ನು ಕಾಡು ಕಟ್ಟಬೇಕಾಯಿತು.

1928ರಲ್ಲಿ ಸರಕಾರಿ ನೌಕರಿಯನ್ನು ಬಿಟ್ಟು ಹಲವು ರಾಜ್ಯಗಳ ಬೇಟೆಪ್ರಾಣಿಗಳ ಸಮೀಕ್ಷೆ ನಡೆಸಿದರು. 1933ರಲ್ಲಿ ಪ್ರಕಟವಾದ ಅವರ ‘ಗೇಮ್ ಮ್ಯಾನೇಜ್‌ಮೆಂಟ್’ ಗ್ರಂಥ ಈ ಶಾಸ್ತ್ರದ ಮೊದಲ ಪಠ್ಯಪುಸ್ತಕವಾಯಿತು. ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಅವರಿಗಾಗಿಯೇ ಈ ವಿಷಯದ ಪ್ರಾಧ್ಯಾಪಕ ಹುದ್ದೆಯನ್ನು ಸೃಷ್ಟಿಸಿತು.

1935ರಲ್ಲಿ ಅವರು ವಿಸ್ಕಾನ್ಸಿನ್ ನದಿಯ ಬಳಿ ಸುಮಾರು 80 ಎಕರೆಯ ಬಂಜರು ಜಮೀನನ್ನು ಕೊಂಡರು. ಮರಳು ನೆಲ, ಬೇಸಾಯ ಸೋತು ಜನ ಬಿಟ್ಟುಹೋದ ಹೊಲ. ಉಳಿದಿದ್ದುದು ಒಂದು ಹಳೆಯ ಕೋಳಿಗೂಡು. ಅದನ್ನೇ ತೊಳೆದು, ದುರಸ್ತಿ ಮಾಡಿ, ಪತ್ನಿ ಹಾಗೂ ಐವರು ಮಕ್ಕಳೊಂದಿಗೆ ವಾರದ ಕೊನೆಯ ದಿನಗಳನ್ನು ಅಲ್ಲಿ ಕಳೆಯತೊಡಗಿದರು. ವರ್ಷವರ್ಷವೂ ಸಾವಿರಾರು ಪೈನ್ ಸಸಿಗಳನ್ನು ನೆಟ್ಟರು. ಮೊದಮೊದಲು ನೆಟ್ಟವು ಬರದಲ್ಲಿ ಬಹುಪಾಲು ಒಣಗಿದರೂ ಬಿಡದೆ ಮತ್ತೆ ನೆಟ್ಟರು. ನಸುಕಿಗೆ ಮೊದಲೇ ಎದ್ದು, ಕಾಫಿಯ ಪಾತ್ರೆಯನ್ನೂ ಟಿಪ್ಪಣಿ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಂಡು ಹೊರಗೆ ಕುಳಿತುಬಿಡುತ್ತಿದ್ದರು. ಯಾವ ಹಕ್ಕಿ ಎಷ್ಟು ಹೊತ್ತಿಗೆ ಹಾಡಿತು, ಯಾವ ಹೂ ಯಾವ ದಿನ ಅರಳಿತು, ಯಾವ ಪ್ರಾಣಿ ಎತ್ತ ಹೋಯಿತು ಎಲ್ಲವೂ ದಾಖಲಾಗುತ್ತಿತ್ತು. ಬ್ಯಾಂಕಿನಲ್ಲಿ ದಿನದ ಖಾತೆಯನ್ನು ದಿನವೇ ಬರೆದು ಮುಗಿಸುವ ಶಿಸ್ತನ್ನು ಬಲ್ಲವರಿಗೆ ಈ ಶ್ರದ್ಧೆಯ ಬೆಲೆ ತಿಳಿಯುತ್ತದೆ.

ಜಿಂಕೆಯನ್ನು ನೋಡುವುದಕ್ಕೆಂದೇ ಅವರು ಮಾಡಿದ ಒಂದು ಏರ್ಪಾಡು ಸ್ವಾರಸ್ಯಕರವಾಗಿದೆ. ಬೇಸಿಗೆಯ ಒಂದು ಮಧ್ಯಾಹ್ನ ಮರದ ನೆರಳಿನಲ್ಲಿ ಕುಳಿತಿದ್ದಾಗ ಜಿಂಕೆಯೊಂದು ಹಾದುಹೋಯಿತು. ಅದರ ಜಾಡು ಗುಡಿಸಲಿನಿಂದ ಕಾಣುವಷ್ಟು ಹತ್ತಿರದಲ್ಲಿತ್ತು. ಅಡ್ಡವಾಗಿದ್ದುದು ಪೊದೆ ಮಾತ್ರ. ಪೊದೆಗಳನ್ನು ಕಡಿದು ಉದ್ದಕ್ಕೆ ಒಂದು ಓಣಿಯಂತೆ ತೆರವು ಮಾಡಿದರು. ಬಳಿಕ ಮನೆಗೆ ಬಂದ ಅತಿಥಿಗಳಿಗೆಲ್ಲ ಅದನ್ನು ತೋರಿಸಿ, ಯಾರು ಅತ್ತ ಗಮನವಿಡುತ್ತಾರೆಂದು ಸದ್ದಿಲ್ಲದೆ ಪರೀಕ್ಷಿಸುತ್ತಿದ್ದರು. ಹೆಚ್ಚಿನವರು ಸ್ವಲ್ಪ ಹೊತ್ತಿನಲ್ಲಿ ಮರೆತೇಬಿಡುತ್ತಿದ್ದರು. ಮರೆಯದೆ ಮತ್ತೆ ಮತ್ತೆ ಅತ್ತ ಕಣ್ಣು ಹಾಯಿಸುತ್ತಿದ್ದವರು ಜಿಂಕೆ ಬೇಟೆಗಾರರು. ಜಿಂಕೆ ಬೇಟೆಗಾರನ ಕಣ್ಣು ದಾರಿಯ ಮುಂದಿನ ತಿರುವಿನ ಮೇಲೆ, ಬಾತುಕೋಳಿ ಬೇಟೆಗಾರನದು ಬಾನಂಚಿನ ಮೇಲೆ, ನೆಲಹಕ್ಕಿಗಳ ಬೇಟೆಗಾರನದು ತನ್ನ ನಾಯಿಯ ಮೇಲೆ. ಬೇಟೆಯ ಗಂಧವಿಲ್ಲದವನು ನೋಡುವುದೇ ಇಲ್ಲ ಎಂಬುದು ಅವರು ಕಂಡುಕೊಂಡ ತಿಳಿವು. ಅವರ ದೃಷ್ಟಿಯಲ್ಲಿ ಬೇಟೆಯ ಸಾರವಿದ್ದುದು ಈ ನೋಟದಲ್ಲಿ.

ನೋಡುತ್ತ ನೋಡುತ್ತ ಅವರ ನಂಬಿಕೆಗಳು ಬದಲಾದವು. 1935ರಲ್ಲಿ ಜರ್ಮನಿಗೆ ಹೋದಾಗ, ಕೃತಕ ಮೇವು ಉಣಿಸಿ ಜಿಂಕೆಗಳನ್ನು ಬೆಳೆಸಿದ್ದ ಕಾಡುಗಳಲ್ಲಿ ನೆಲದ ಗಿಡಮೂಲಿಕೆಗಳೇ ಅಳಿದುಹೋಗಿದ್ದುದನ್ನು ಕಂಡರು. 1936 ಮತ್ತು 1937ರಲ್ಲಿ ಬಿಲ್ಲುಬೇಟೆಗೆಂದು ಮೆಕ್ಸಿಕೋದ ಗವಿಲಾನ್ ನದಿಯ ಕಣಿವೆಗೆ ಹೋದಾಗ ಇದಕ್ಕೆ ತದ್ವಿರುದ್ಧವಾದ ದೃಶ್ಯವಿತ್ತು. ಅಲ್ಲಿ ತೋಳಗಳೂ ಇದ್ದವು, ಬೆಟ್ಟದ ಸಿಂಹಗಳೂ ಇದ್ದವು. ಜಿಂಕೆಗಳೂ ಸಮೃದ್ಧವಾಗಿದ್ದವು, ಕಾಡೂ ಆರೋಗ್ಯವಾಗಿತ್ತು. ಕೊಲ್ಲುವ ಪ್ರಾಣಿಯೇ ಕಾಯುವ ಪ್ರಾಣಿಯೂ ಹೌದೆಂಬ ಸತ್ಯ ಕಣ್ಣೆದುರು ನಿಂತಿತು.

ಈ ಸತ್ಯಕ್ಕೆ ಅವರು ತೆತ್ತ ಬೆಲೆ ದೊಡ್ಡದು. 1940ರ ದಶಕದ ಆರಂಭದಲ್ಲಿ ಉತ್ತರ ವಿಸ್ಕಾನ್ಸಿನ್‌ನಲ್ಲಿ ಜಿಂಕೆಗಳು ವಿಪರೀತವಾಗಿ ಹೆಚ್ಚಿದ್ದವು. ಚಳಿಗಾಲದ ಆಸರೆಯ ತಾಣಗಳಲ್ಲಿ ಸೀಡರ್ ಮರಗಳ ಸೊಪ್ಪು ಜಿಂಕೆಯ ಕತ್ತು ನಿಲುಕುವಷ್ಟು ಎತ್ತರದವರೆಗೆ ಬೋಳಾಗಿತ್ತು. ನಿಲುಕದ ಮರಿಗಳು ಹಸಿದು ಸಾಯುತ್ತಿದ್ದವು. ನಾಗರಿಕರ ಸಮಿತಿಯೊಂದರ ಮುಖ್ಯಸ್ಥರಾಗಿ ಲಿಯೊಪೋಲ್ಡ್ ಇದನ್ನೆಲ್ಲ ಪ್ರತ್ಯಕ್ಷ ಕಂಡು, ಹೆಣ್ಣು ಜಿಂಕೆಗಳ ಬೇಟೆಗೂ ಅವಕಾಶ ನೀಡಿ ಸಂಖ್ಯೆಯನ್ನು ಇಳಿಸಬೇಕೆಂದು ಸಲಹೆಯಿತ್ತರು. 1943ರಲ್ಲಿ ಅವರು ರಾಜ್ಯದ ಸಂರಕ್ಷಣಾ ಆಯೋಗದ ಸದಸ್ಯರಾದರು. ಆ ವರ್ಷದ ಬೇಟೆಯಲ್ಲಿ ಸುಮಾರು 1,28,000 ಜಿಂಕೆಗಳು ಹತವಾದವೆಂದು ಅಂದಾಜು. ಜನ ರೊಚ್ಚಿಗೆದ್ದರು. ಹೆಣ್ಣು ಜಿಂಕೆಗೆ ಗುಂಡಿಡುವುದು ಪಾಪವೆಂದು ತಲೆಮಾರುಗಳಿಂದ ನಂಬಿದ್ದ ಬೇಟೆಗಾರರು ಇದನ್ನು ಕಗ್ಗೊಲೆಯೆಂದು ಕರೆದರು. ಲಿಯೊಪೋಲ್ಡರನ್ನು ದೂಷಿಸುವುದಕ್ಕೆಂದೇ ಎಂಬಂತೆ ಪತ್ರಿಕೆಯೊಂದು ಹೊರಟಿತು. ಮರುವರ್ಷ ಆಯೋಗ ಹಿಂದೆ ಸರಿದು, ಗಂಡು ಜಿಂಕೆಯ ಬೇಟೆಗೆ ಮಾತ್ರ ಅನುಮತಿ ನೀಡಿತು. ಜಿಂಕೆಯನ್ನು ಜೀವಮಾನವಿಡೀ ಪ್ರೀತಿಸಿದವರೇ ಜಿಂಕೆಯ ಶತ್ರುವೆಂಬ ಅಪವಾದವನ್ನು ಹೊರಬೇಕಾಯಿತು. ಅವರ ಮಾತಿಗೆ ಮನ್ನಣೆ ದೊರೆತು ಹೆಣ್ಣು ಜಿಂಕೆಯ ಬೇಟೆ ಮರಳಿ ಬಂದುದು ಅವರು ಕಣ್ಮರೆಯಾದ ಮೇಲೆಯೇ.

ಇದೇ ಸಮಯದಲ್ಲಿ ಅವರ ಹಿಂದಿನ ವಿದ್ಯಾರ್ಥಿ, ಚಿತ್ರಕಾರರೂ ಆಗಿದ್ದ ಆಲ್ಬರ್ಟ್ ಹಾಕ್‌ಬಾಮ್ ಗುರುಗಳ ಪ್ರಬಂಧಗಳನ್ನು ಓದಿ ಒಂದು ಕೊರತೆಯನ್ನು ಎತ್ತಿ ತೋರಿಸಿದರು. ತೋಳಗಳ ನಾಶಕ್ಕೆ ಮರುಗುವ ಗುರುಗಳು ಆ ನಾಶದಲ್ಲಿ ತಮ್ಮ ಪಾಲೂ ಇತ್ತೆಂಬುದನ್ನು ಎಲ್ಲಿಯೂ ಹೇಳಿರಲಿಲ್ಲ. ಶಿಷ್ಯನ ಮಾತಿಗೆ ಲಿಯೊಪೋಲ್ಡ್ ಮುನಿಯಲಿಲ್ಲ. 1944ರ ಏಪ್ರಿಲ್‌ನಲ್ಲಿ, 35 ವರ್ಷಗಳ ಹಿಂದಿನ ಆ ಹೊಳೆಯ ದಡದ ತೋಳವನ್ನು ನೆನೆದು ಒಂದು ಪ್ರಬಂಧ ಬರೆದರು. ಪ್ರಪಂಚದ ಪರಿಸರ ಸಾಹಿತ್ಯದಲ್ಲಿ ಇಂದಿಗೂ ಅತಿ ಹೆಚ್ಚು ಓದಲಾಗುವ ಬರಹಗಳಲ್ಲಿ ಅದೊಂದು. ಅರಿಜೋನಾದ ಕೈಬಾಬ್ ಪ್ರಸ್ಥಭೂಮಿಯ ಜಿಂಕೆಗಳ ಬಗ್ಗೆ ಆ ಕಾಲದಲ್ಲಿ ಅವರು ಬಳಸಿದ ಅಂಕಿಗಳನ್ನು 1970ರ ದಶಕದಲ್ಲಿ ವಿಜ್ಞಾನಿಗಳು ಪ್ರಶ್ನಿಸಿದರೆಂಬುದನ್ನೂ ಇಲ್ಲಿ ಹೇಳಬೇಕು. ಆದರೆ ಮೇವಿಗೂ ಜಿಂಕೆಗೂ ತೋಳಕ್ಕೂ ಇರುವ ನಂಟನ್ನು ಅವರು ತಿಳಿದುಕೊಂಡದ್ದು ಬರಿಯ ಅಂಕಿಗಳಿಂದಲ್ಲ. ನಾಲ್ಕು ಕಾಡುಗಳನ್ನು ಕಾಲ್ನಡಿಗೆಯಲ್ಲಿ ಕಂಡು.

ಈ ಪ್ರಬಂಧವನ್ನೊಳಗೊಂಡ ಸಂಕಲನಕ್ಕೆ ಪ್ರಕಾಶಕರು ಬಹುಕಾಲ ಸಿಗಲಿಲ್ಲ. ಕೊನೆಗೆ 1948ರ ಏಪ್ರಿಲ್ 14ರಂದು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನ ಒಪ್ಪಿಗೆ ಬಂದಿತು. ಸರಿಯಾಗಿ ಒಂದು ವಾರದ ಮೇಲೆ, ಏಪ್ರಿಲ್ 21ರಂದು, ನೆರೆಯವರ ಹೊಲದಲ್ಲಿ ಹುಲ್ಲಿಗೆ ಬೆಂಕಿ ಬಿದ್ದಿತು. ಆರಿಸಲು ಧಾವಿಸಿದ ಲಿಯೊಪೋಲ್ಡ್ ಹೃದಯಾಘಾತಕ್ಕೊಳಗಾಗಿ ಅಲ್ಲಿಯೇ ಪ್ರಾಣಬಿಟ್ಟರು. ಆಗ ಅವರಿಗೆ 61 ವರ್ಷ. ಮಗ ಲೂನಾ ಹಸ್ತಪ್ರತಿಯನ್ನು ಸಿದ್ಧಪಡಿಸಿ, 1949ರಲ್ಲಿ ‘ಎ ಸ್ಯಾಂಡ್ ಕೌಂಟಿ ಅಲ್ಮನಾಕ್’ ಎಂಬ ಹೆಸರಿನಲ್ಲಿ ಕೃತಿ ಹೊರಬಂದಿತು. ಮನುಷ್ಯ ನೆಲದ ಒಡೆಯನಲ್ಲ, ಮಣ್ಣು, ನೀರು, ಗಿಡ, ಪ್ರಾಣಿಗಳನ್ನೊಳಗೊಂಡ ಸಮುದಾಯದ ಒಬ್ಬ ಸದಸ್ಯ ಮಾತ್ರ ಎಂಬ ಅವರ ಭೂನೀತಿ ಈ ಕೃತಿಯ ತಿರುಳು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಾಗಿ ನಮ್ಮ ದೇಶದಲ್ಲಿ ಜಿಂಕೆಯ ಬೇಟೆ ಅಪರಾಧ. ಅದು ಹಾಗೆಯೇ ಇರಬೇಕು. ಹಾಗೆಂದು ಲಿಯೊಪೋಲ್ಡರ ಜೀವನದಿಂದ ನಮಗೇನೂ ದೊರೆಯುವುದಿಲ್ಲವೆಂದು ತಿಳಿಯಬೇಕಾಗಿಲ್ಲ. ಬಂಡೀಪುರದ ಹಾದಿಯಲ್ಲಿ ಚುಕ್ಕಿ ಜಿಂಕೆಗಳ ಹಿಂಡನ್ನು ಕಂಡು ಹಿಗ್ಗುವ ನಾವು, ಆ ಹಿಂಡಿನ ಚೆಲುವಿನ ಹಿಂದೆ ಹುಲಿಯ, ಕೆನ್ನಾಯಿಯ ಕಾವಲಿದೆಯೆಂಬುದನ್ನು ನೆನೆಯುವುದು ವಿರಳ. ಕಾಡು ಅಸಲಾದರೆ ಜಿಂಕೆ ಅದರ ಬಡ್ಡಿ. ಬಡ್ಡಿಯೇ ಬೆಳೆದು ಅಸಲನ್ನು ತಿನ್ನದಂತೆ ನೋಡಿಕೊಳ್ಳುವ ಲೆಕ್ಕಪರಿಶೋಧಕ ಆ ಬೇಟೆಪ್ರಾಣಿ.

ವಿಸ್ಕಾನ್ಸಿನ್‌ನಿಂದ ಸಂಪೂರ್ಣ ಮರೆಯಾಗಿದ್ದ ತೋಳಗಳು 1970ರ ದಶಕದಲ್ಲಿ ನೆರೆಯ ಮಿನೆಸೋಟದಿಂದ ತಾವಾಗಿಯೇ ಮರಳಿ ಬಂದವು. ಮಗಳು ನೀನಾ ತಂದೆಯ ಜಮೀನಿನ ಬಳಿ ನೆಲೆಸಿ, ತಂದೆ ಬರೆದಿಟ್ಟಿದ್ದ ಋತುಗಳ ಲೆಕ್ಕವನ್ನು 1976ರಿಂದ ಮುಂದುವರಿಸಿದರು. ಎರಡು ತಲೆಮಾರುಗಳ ಆ ದಾಖಲೆಗಳನ್ನು ಹೋಲಿಸಿ 1999ರಲ್ಲಿ ಪ್ರಕಟಿಸಿದ ಸಂಶೋಧನ ಲೇಖನ, ವಸಂತದ ಅನೇಕ ಹೂಗಳೂ ಹಕ್ಕಿಗಳೂ ಮೊದಲಿಗಿಂತ ಬೇಗನೆ ಕಾಣಿಸಿಕೊಳ್ಳುತ್ತಿರುವುದನ್ನು ತೋರಿಸಿಕೊಟ್ಟಿತು. ಹವಾಮಾನ ಬದಲಾಗುತ್ತಿದೆಯೆಂಬುದಕ್ಕೆ ಹೀಗೆ ಸಾಕ್ಷಿ ನುಡಿದದ್ದು, ಕಾಡನ್ನು ಓದುವ ಚಟವಿದ್ದ ಒಬ್ಬ ಬೇಟೆಗಾರನ ಟಿಪ್ಪಣಿ ಪುಸ್ತಕ.