ಒಳಗಿದ್ದು ಬಂದ ಸಂತ

ವಸಂತನರಸಾಪುರದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯಲು ಬಂದ ಎಷ್ಟೋ ಕುಟುಂಬಗಳು ಸುತ್ತಲಿನ ಹಳ್ಳಿಗಳಲ್ಲಿ ಬಾಡಿಗೆಗಿವೆ. ಅಂಥ ಒಂದು ಮನೆಗೆ ಪ್ರಾರ್ಥನೆಗೆಂದು ಹೋಗಿದ್ದೆ. ಬೆಂಗಳೂರಿನಲ್ಲಿ ಮಾನಸಿಕ ಚಿಕಿತ್ಸೆ ಪಡೆದು ಬಂದಿದ್ದ ಮಗ ಒಳಕೋಣೆಯಲ್ಲಿದ್ದ. ಅವನ ಊಟ, ನಿದ್ದೆ, ಮಾತ್ರೆಗಳ ವಿಷಯವನ್ನೆಲ್ಲ ನಾನು ತಾಯಿಯನ್ನು ಕೇಳಿದೆ. ಅವನನ್ನು ಕೇಳಲಿಲ್ಲ. ಹೊರಡುವ ಹೊತ್ತಿಗೆ ಗುಬ್ಬಿ ಕಡೆಯ ಒಬ್ಬ ಟೈಲರ್ ಸೈಕಲ್ ನಿಲ್ಲಿಸಿ ಬಂದರು. ಇಂಥದೇ ಕಾಯಿಲೆಯಲ್ಲಿ ನರಳಿ, ಈಗಲೂ ಮಾತ್ರೆ ತೆಗೆದುಕೊಳ್ಳುತ್ತಾ ಅಂಗಡಿ ನಡೆಸುವವರು. ಅವರು ನೇರವಾಗಿ ಒಳಕೋಣೆಗೇ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ನಗು ಕೇಳಿಸಿತು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಷ್ಟು ವರ್ಷ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿದ ನನ್ನಿಂದ ಆಗದ ಕೆಲಸ ಅದು.

ದಾರಿಯುದ್ದಕ್ಕೂ ನನಗೆ ನೆನಪಾದವರು ಸಂತ ಜಾನ್ ಆಫ್ ಗಾಡ್, ಅಂದರೆ ದೇವರ ಯೊವಾನ್ನ. ಆಸ್ಪತ್ರೆಗಳ ಹಾಗೂ ರೋಗಿಗಳ ಪಾಲಕ ಸಂತರೆಂದು ಅವರನ್ನು ಬಲ್ಲೆವು. ಅವರೇ ಹುಚ್ಚರ ವಾರ್ಡಿನಲ್ಲಿ ಬೇಡಿ ತೊಟ್ಟಿದ್ದವರು ಎಂಬುದನ್ನು ನಾವು ಪೀಠದ ಮೇಲಿಂದ ಅಷ್ಟಾಗಿ ಹೇಳುವುದಿಲ್ಲ.

ಯೊವಾನ್ನ ಹುಟ್ಟಿದ್ದು 1495ರಲ್ಲಿ, ಪೋರ್ಚುಗಲ್ ದೇಶದ ಮೊಂತೆಮೊರ್-ಒ-ನೊವೊ ಎಂಬಲ್ಲಿ. ಎಂಟನೆಯ ವಯಸ್ಸಿಗೇ ಮನೆ ಬಿಟ್ಟು ಸ್ಪೇನ್ ಸೇರಿದರು. ಕುರಿ ಕಾದರು, ಸೈನಿಕರಾದರು, ತುರ್ಕರ ವಿರುದ್ಧ ವಿಯೆನ್ನಾದವರೆಗೂ ಹೋದರು. ಬಹುಕಾಲದ ಮೇಲೆ ಊರಿಗೆ ಮರಳಿದಾಗ, ತನ್ನ ಕೊರಗಿನಲ್ಲೇ ತಾಯಿ ತೀರಿಕೊಂಡಿದ್ದಳೆಂದು ತಿಳಿಯಿತಂತೆ. ಅವರ ಮೊದಲ ಚರಿತ್ರೆಕಾರ ಫ್ರಾನ್ಸಿಸ್ಕೊ ದೆ ಕಾಸ್ತ್ರೊ 1585ರ ಪುಸ್ತಕದಲ್ಲಿ ಇದನ್ನು ಬರೆದಿದ್ದಾನೆ. ಆಮೇಲೆ ಊರೂರು ತಿರುಗಿ ಪುಸ್ತಕ, ಪವಿತ್ರ ಚಿತ್ರಗಳನ್ನು ಮಾರುತ್ತಾ ಗ್ರನಾಡಾ ನಗರಕ್ಕೆ ಬಂದು, ಎಲ್ವಿರಾ ಬಾಗಿಲ ಬಳಿ ಒಂದು ಅಂಗಡಿ ಇಟ್ಟರು. ವಯಸ್ಸು ನಲವತ್ತು ದಾಟಿತ್ತು.

1530ರ ದಶಕದ ಕೊನೆಯಲ್ಲಿ, ಸಂತ ಸೆಬಾಸ್ಟಿಯನ್ನರ ಹಬ್ಬದ ದಿನ, ಆವಿಲಾದ ಯೊವಾನ್ನರೆಂಬ ಗುರುಗಳ ಪ್ರಬೋಧನೆ ಕೇಳಿ ಈ ಪುಸ್ತಕದ ವ್ಯಾಪಾರಿ ಕುಸಿದುಹೋದರು. ಕೂದಲು ಕಿತ್ತುಕೊಂಡರು, ಕೆಸರಿನಲ್ಲಿ ಹೊರಳಿದರು, ಅಂಗಡಿಯಲ್ಲಿದ್ದುದನ್ನೆಲ್ಲ ಕೊಟ್ಟುಬಿಟ್ಟರು. ಬೀದಿಯ ಹುಡುಗರು ಕಲ್ಲು ಬೀರಿದರು. ಕಡೆಗೆ ಜನ ಅವರನ್ನು ಹಿಡಿದು ರಾಜಾಸ್ಪತ್ರೆಗೆ ಸೇರಿಸಿದರು. ಕಟ್ಟಿಹಾಕಿ ಚಾಟಿಯಿಂದ ಹೊಡೆದರೆ ತಪ್ಪಿದ ಬುದ್ಧಿ ಮರಳುತ್ತದೆ ಎಂಬುದು ಆ ಕಾಲದ ವೈದ್ಯ. ಯೊವಾನ್ನ ಏಟು ತಿಂದರು. ಆದರೆ ಪಕ್ಕದವರಿಗೆ ಬೀಳುವ ಏಟನ್ನು ಕಂಡು ಸುಮ್ಮನಿರಲಿಲ್ಲ. ಹೊಡೆಯುವವರನ್ನೇ ತರಾಟೆಗೆ ತೆಗೆದುಕೊಂಡರು, ಅದಕ್ಕೂ ಏಟು ತಿಂದರು. ಬೇಡಿ ಬಿಚ್ಚಿದ ಮೇಲೆ ಅಲ್ಲೇ ಉಳಿದು ನೆಲ ಗುಡಿಸಿದರು, ರೋಗಿಗಳನ್ನು ನೋಡಿಕೊಂಡರು. ತನ್ನದೇ ಆಸ್ಪತ್ರೆಯೊಂದು ಇರಬೇಕು, ಅಲ್ಲಿ ಇವರನ್ನು ಬೇರೆ ರೀತಿ ಕಾಣಬೇಕು ಎಂಬ ಆಸೆ ಹುಟ್ಟಿದ್ದು ಆ ವಾರ್ಡಿನ ಒಳಗೆ.

ಇಲ್ಲಿ ಒಂದು ಮಾತು. ಅವರು ನಿಜವಾಗಿ ಹುಚ್ಚರಾಗಿರಲಿಲ್ಲ, ಕ್ರಿಸ್ತನಿಗಾಗಿ ಅವಮಾನ ಪಡಲು ಹಾಗೆ ನಟಿಸಿದರು ಎಂದು ಹಲವು ಭಕ್ತಿಗ್ರಂಥಗಳು ಹೇಳುತ್ತವೆ. ಇರಬಹುದು. ಆದರೆ ಆ ಸಮಜಾಯಿಷಿಯ ಅವಸರ ನನಗೆ ಹಿಡಿಸುವುದಿಲ್ಲ. ಸಂತನಿಗೆ ಜ್ವರ ಬಂದರೆ ನಮಗೆ ಮುಜುಗರವಿಲ್ಲ, ಮನಸ್ಸು ಮುರಿದರೆ ಮಾತ್ರ ಯಾಕೆ? ಯೇಸುಸ್ವಾಮಿಗೆ ಮತಿಭ್ರಮಣೆಯಾಗಿದೆ ಎಂಬ ಮಾತು ಹಬ್ಬಿ, ಸ್ವಂತ ಬಂಧುಗಳೇ ಅವರನ್ನು ಹಿಡಿದುತರಲು ಹೊರಟಿದ್ದನ್ನು ಮಾರ್ಕನ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿ ಓದುತ್ತೇವೆ. ಸುವಾರ್ತಾಕಾರ ಅದನ್ನು ಮುಚ್ಚಿಡಲಿಲ್ಲ.

ಹೊರಬಂದ ಯೊವಾನ್ನ ಲುಸೇನಾ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದರು. ಬೀದಿಯಲ್ಲಿ ಬಿದ್ದಿದ್ದವರನ್ನು ಬೆನ್ನ ಮೇಲೆ ಹೊತ್ತು ತಂದರು. ಸಂಜೆಯಾದರೆ ಬುಟ್ಟಿ, ಗಡಿಗೆಗಳೊಂದಿಗೆ ಭಿಕ್ಷೆಗೆ ಹೊರಡುತ್ತಿದ್ದರು. ಬಡವರಿಗೆ ಉಪಕಾರ ಮಾಡಿ ಎಂದಲ್ಲ, ನಿಮಗೆ ನೀವೇ ಉಪಕಾರ ಮಾಡಿಕೊಳ್ಳಿ ಎಂದು ಕೂಗುವುದು ಅವರ ರೂಢಿ. ಒಂದು ಪತ್ರದಲ್ಲಿ, ಮನೆಯಲ್ಲಿ 110ಕ್ಕೂ ಹೆಚ್ಚು ಜನರಿದ್ದಾರೆ, ಕುಷ್ಠರೋಗಿಗಳು, ಲಕ್ವ ಹೊಡೆದವರ ಜೊತೆಗೆ ಬುದ್ಧಿ ಕಳೆದುಕೊಂಡವರೂ ಇದ್ದಾರೆ ಎಂದು ಬರೆದಿದ್ದಾರೆ. ಅದೇ ಪತ್ರದಲ್ಲಿ ಸಾಲದ ಗೋಳೂ ಇದೆ. ಅವರ ಸಂಗಡಿಗರೂ ಅಂಥವರೇ. ತಮ್ಮನನ್ನು ಕೊಂದವನ ಮೇಲೆ ಸೇಡು ತೀರಿಸಿಕೊಳ್ಳಲು ಬಂದಿದ್ದ ಆಂತೋನ್ ಮಾರ್ತಿನ್ ಒಬ್ಬ, ಆ ಕೊಲೆಯ ಆರೋಪ ಹೊತ್ತಿದ್ದ ಪೆದ್ರೊ ವೆಲಾಸ್ಕೊ ಇನ್ನೊಬ್ಬ. ಕೆಟ್ಟ ಜನರನ್ನೆಲ್ಲ ಸೇರಿಸಿಕೊಂಡಿದ್ದಾನೆ ಎಂಬ ದೂರಿನ ಮೇಲೆ ಮಹಾಧರ್ಮಾಧ್ಯಕ್ಷರು ಕರೆಸಿ ಕೇಳಿದಾಗ, ಆ ಮನೆಯಲ್ಲಿರುವ ಕೆಟ್ಟವನು ತಾನೊಬ್ಬನೇ ಎಂದು ಯೊವಾನ್ನ ಉತ್ತರಿಸಿದರಂತೆ. ಯಾರನ್ನೂ ಹೊರಹಾಕಲಿಲ್ಲ.

1549ರ ಜುಲೈಯಲ್ಲಿ ರಾಜಾಸ್ಪತ್ರೆಗೆ ಬೆಂಕಿ ಬಿತ್ತು. ಹೌದು, ಅವರನ್ನು ಕಟ್ಟಿ ಹೊಡೆದಿದ್ದ ಅದೇ ಆಸ್ಪತ್ರೆ. ಹೊರಗೆ ಜನ ನೋಡುತ್ತಾ ನಿಂತಿದ್ದಾಗ ಯೊವಾನ್ನ ಒಳನುಗ್ಗಿದರು. ರೋಗಿಗಳನ್ನು ಕೈಹಿಡಿದು, ಹೊತ್ತು ಹೊರಗೆ ತಂದರು. ಹಾಸಿಗೆ ಹೊದಿಕೆಗಳನ್ನು ಕಿಟಕಿಯಿಂದ ಎಸೆದರು. ಕೊಡಲಿ ಹಿಡಿದು ಮಾಳಿಗೆ ಹತ್ತಿ ಬೆಂಕಿ ಹರಡದಂತೆ ಕಡಿಯತೊಡಗಿದರು. ಹೊಗೆಯಲ್ಲಿ ಮರೆಯಾದವರು ಸತ್ತರೆಂದೇ ಜನ ತಿಳಿದಿದ್ದಾಗ, ಹುಬ್ಬು ಸುಟ್ಟುಕೊಂಡು ಈಚೆ ಬಂದರು. 1550ರ ಮಾರ್ಚ್ 8ರಂದು ಶಿಲುಬೆಯ ಮುಂದೆ ಮೊಣಕಾಲೂರಿದಂತೆಯೇ ಪ್ರಾಣಬಿಟ್ಟರು. ಅವರ ಸಭೆಗೆ 1572ರಲ್ಲಿ ಜಗದ್ಗುರು ಐದನೆಯ ಪಿಯುಸ್ ಮಾನ್ಯತೆ ಕೊಟ್ಟರು. 1690ರಲ್ಲಿ ಅವರು ಸಂತರಾದರು.

ಯೊವಾನ್ನರು ಬೆನ್ನ ಮೇಲೆ ಹೊತ್ತುದನ್ನು ಲೋಕದ ಕಾನೂನು ಒಪ್ಪಿಕೊಳ್ಳಲು ಶತಮಾನಗಳೇ ಬೇಕಾದವು. ಅಮೆರಿಕದ ಕ್ಲಿಫರ್ಡ್ ಬಿಯರ್ಸ್ ಎಂಬುವರು ಆಸ್ಪತ್ರೆಗಳಲ್ಲಿ ತಾವು ಪಟ್ಟ ಪಾಡನ್ನು 1908ರಲ್ಲಿ ಪುಸ್ತಕವಾಗಿಸಿ ಸುಧಾರಣೆಯ ಚಳವಳಿ ಹೂಡಿದರು. ನಮ್ಮ ದೇಶದಲ್ಲಿ 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾರದೆ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನೂ ಕೊಟ್ಟಿದೆ. ದೂರು ವಿಚಾರಿಸುವ ಪರಿಶೀಲನಾ ಮಂಡಳಿಯಲ್ಲಿ ಎರಡು ಸ್ಥಾನಗಳು ಕಾಯಿಲೆ ಅನುಭವಿಸಿದವರಿಗೆ, ಆರೈಕೆ ಮಾಡುವವರಿಗೆ ಅಥವಾ ಅವರ ಪರವಾದ ಸಂಸ್ಥೆಗಳಿಗೆ ಮೀಸಲು. ಒಳಗಿದ್ದು ಬಂದವರ ಮಾತಿಗೂ ತೂಕವಿದೆ ಎಂದು ಬರಹದಲ್ಲಿ ಒಪ್ಪಿದಂತಾಯಿತು.

ಮೊನ್ನೆ ಆ ಟೈಲರನ್ನು ಕಂಡು, ಸಂತರ ಹಬ್ಬದಂದು ಬಲಿಪೂಜೆಯ ನಂತರ ನಾಲ್ಕು ಮಾತಾಡುವಿರಾ ಎಂದು ಕೇಳಿದೆ. ಕತ್ತರಿ ಕೆಳಗಿಟ್ಟು ತುಸು ಹೊತ್ತು ಯೋಚಿಸಿದರು. ಮಗಳಿಗೆ ಸಂಬಂಧ ನೋಡುತ್ತಿದ್ದಾರೆ, ಮೈಕಿನ ಮುಂದೆ ಬೇಡವೆಂದರು. ಯಾರಾದರೂ ಬರುವುದಾದರೆ ಗುಡಿಯ ಹಿಂದಿನ ಧರ್ಮೋಪದೇಶದ ಕೋಣೆಯಲ್ಲಿ ಕೂತಿರುತ್ತೇನೆ, ಫಾದರ್ ಒಳಗೆ ಬರಬಾರದು ಎಂದರು. ಒಪ್ಪಿ ಕೋಣೆಯ ಬೀಗದ ಕೈ ಅವರಿಗೇ ಕೊಟ್ಟು ಬಂದೆ.