ಚಳಿಗೆ ಸೆಟೆಯದ ರಬ್ಬರಿಗಾಗಿ ಒಂದು ಜೀವಮಾನ

ಡಿಸೆಂಬರ್ ಬಂತೆಂದರೆ ದೆಹಲಿ, ಚಂಡೀಗಢದ ಕಡೆ ಇರುವ ನಮ್ಮವರು ಮನಾಲಿಯ ದಾರಿ ಹಿಡಿಯುತ್ತಾರೆ. ಈಗೀಗ ಎಲೆಕ್ಟ್ರಿಕ್ ಕಾರಿನಲ್ಲೇ ಹೊರಡುವವರೂ ಇದ್ದಾರೆ. ಅವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ: ರೇಂಜ್ ಎಷ್ಟು ಸಿಗುತ್ತದೆ, ಚಾರ್ಜರ್ ಎಲ್ಲೆಲ್ಲಿದೆ? ಟೈರಿನ ಮಾತು ಎತ್ತುವವರು ಕಡಿಮೆ. ಆದರೆ ಹಿಮದ ಇಳಿಜಾರಿನಲ್ಲಿ ಕಾರು ನಿಲ್ಲಬೇಕಾದರೆ, ರಸ್ತೆಗೆ ತಾಗಿರುವ ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳೇ ಅದನ್ನು ಹಿಡಿದು ನಿಲ್ಲಿಸಬೇಕು. ಆ ರಬ್ಬರ್ ಚಳಿಗೆ ಸೆಟೆದುಕೊಳ್ಳಬಾರದು, ಬಿಸಿಲಿಗೆ ಕರಗಬಾರದು ಎಂದು ಹಟ ಹಿಡಿದು ಮನೆ ಮಠ ಕಳೆದುಕೊಂಡವನೊಬ್ಬನಿದ್ದ. ಅವನ ಹೆಸರನ್ನು ಟೈರಿನ ಪಕ್ಕೆಯ ಮೇಲೆ ನಾವೆಲ್ಲ ಓದಿದ್ದೇವೆ.

ಚಾರ್ಲ್ಸ್ ಗುಡ್‌ಇಯರ್ ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ತಂದೆ ಅಮಾಸಾ ಗುಂಡಿ, ಬೇಸಾಯದ ಸಲಕರಣೆಗಳನ್ನು ಮಾಡಿಸಿ ಮಾರುತ್ತಿದ್ದರು. ಮಗನೂ ಅದೇ ವ್ಯಾಪಾರಕ್ಕೆ ಇಳಿದ. 1824ರಲ್ಲಿ ಕ್ಲಾರಿಸಾ ಬೀಚರ್ ಜೊತೆ ಮದುವೆಯಾಯಿತು, 1826ರಲ್ಲಿ ಫಿಲಡೆಲ್ಫಿಯಾದಲ್ಲಿ ಹಾರ್ಡ್‌ವೇರ್ ಅಂಗಡಿ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಅಂಗಡಿ ಮುಳುಗಿತು. ಆ ಕಾಲದಲ್ಲಿ ಸಾಲ ತೀರಿಸದವರಿಗೆ ಜೈಲೇ ಗತಿ. ಅಲ್ಲಿಂದ ಮುಂದೆ ಆತ ಎಷ್ಟೋ ಸಲ ಜೈಲಿಗೆ ಹೋಗಿ ಬಂದ.

1834ರಲ್ಲಿ ನ್ಯೂಯಾರ್ಕಿನ ರಬ್ಬರ್ ಅಂಗಡಿಯೊಂದರಲ್ಲಿ, ನೀರಿನಲ್ಲಿ ತೇಲಿಸುವ ಜೀವರಕ್ಷಕ ಸಾಧನ ಆತನ ಕಣ್ಣಿಗೆ ಬಿತ್ತು. ಅದರ ಗಾಳಿ ತುಂಬುವ ವಾಲ್ವ್ ಸರಿಯಿಲ್ಲ ಎನ್ನಿಸಿ, ತಾನೇ ಉತ್ತಮವಾದದ್ದೊಂದನ್ನು ಮಾಡಿ ತಂದು ತೋರಿಸಿದ. ಅಂಗಡಿಯವರು ಬೇರೆಯೇ ಕಷ್ಟ ಹೇಳಿಕೊಂಡರು. ವಾಲ್ವ್ ಇರಲಿ, ರಬ್ಬರೇ ಸರಿಯಿಲ್ಲ. ಬೇಸಿಗೆಯಲ್ಲಿ ಮಾಲು ಅಂಟಂಟಾಗಿ ಕರಗಿ ನಾರುತ್ತದೆ, ಚಳಿಗಾಲದಲ್ಲಿ ಮರದ ತುಂಡಿನಂತೆ ಬಿಗಿದು ಬಿರಿಯುತ್ತದೆ. ಕೊಂಡವರೆಲ್ಲ ವಾಪಸ್ ತಂದು ಹಾಕುತ್ತಿದ್ದಾರೆ, ಕಂಪನಿ ಮುಳುಗುವ ಹಂತಕ್ಕೆ ಬಂದಿದೆ.

ಗುಡ್‌ಇಯರ್ ರಸಾಯನಶಾಸ್ತ್ರ ಓದಿದವನಲ್ಲ, ಕೈಯಲ್ಲಿ ಕಾಸೂ ಇರಲಿಲ್ಲ. ಆದರೂ ಇದನ್ನು ಸರಿಮಾಡಿಯೇ ತೀರುತ್ತೇನೆಂದು ಹೊರಟ. ಸಾಲಗಾರರ ಜೈಲಿನಲ್ಲೇ ಹೆಂಡತಿಯ ಲಟ್ಟಣಿಗೆ ತರಿಸಿಕೊಂಡು ರಬ್ಬರ್ ನಾದಿದ. ಮೆಗ್ನೀಷಿಯಾ ಬೆರೆಸಿದ, ಸುಣ್ಣದಲ್ಲಿ ಕುದಿಸಿದ, ನೈಟ್ರಿಕ್ ಆಮ್ಲ ಹಚ್ಚಿದ. ಆಮ್ಲ ಹಚ್ಚಿದ ರಬ್ಬರ್ ಚೆನ್ನಾಗಿ ಕಂಡು, ಸರ್ಕಾರದಿಂದ 150 ಅಂಚೆ ಚೀಲಗಳ ಆರ್ಡರ್ ಕೂಡ ಸಿಕ್ಕಿತು. ಗುಣವಾಗಿದ್ದದ್ದು ಮೇಲ್ಮೈ ಮಾತ್ರ. ಸೆಕೆಗೆ ಚೀಲಗಳು ಇಟ್ಟಲ್ಲೇ ಕರಗಿದವು.

ಈ ಹಟದ ಬೆಲೆ ತೆತ್ತದ್ದು ಮನೆಯವರು. ಪಾತ್ರೆ ಪಗಡೆ ಗಿರವಿಗೆ ಹೋದವು, ಮಕ್ಕಳ ಶಾಲೆಯ ಪುಸ್ತಕಗಳೂ ಮಾರಾಟವಾದವು. ಹಲವು ಮಕ್ಕಳು ಎಳವೆಯಲ್ಲೇ ತೀರಿಕೊಂಡರು.

ರಬ್ಬರಿಗೆ ಗಂಧಕ ಬೆರೆಸುವ ಉಪಾಯ ನಥಾನಿಯಲ್ ಹೇವರ್ಡ್ ಎಂಬಾತನದು. ಗುಡ್‌ಇಯರ್ ಅದರ ಹಕ್ಕನ್ನು ಕೊಂಡುಕೊಂಡ. 1839ರಲ್ಲಿ ಮ್ಯಾಸಚೂಸೆಟ್ಸ್‌ನ ವೋಬರ್ನ್‌ನಲ್ಲಿ ಗಂಧಕ ಬೆರೆಸಿದ ತುಂಡೊಂದು ಕಾದ ಒಲೆಗೆ ತಾಗಿತು. ಕರಗಬೇಕಿದ್ದ ರಬ್ಬರ್ ಚರ್ಮದಂತೆ ಸುಟ್ಟು ಕರಿಯಾಯಿತು, ಅಂಚಿನಲ್ಲಿ ಮಾತ್ರ ಎಳೆದರೆ ಹಿಗ್ಗುವ ಗಟ್ಟಿ ರಬ್ಬರ್ ಉಳಿಯಿತು. ಆತ ಆ ತುಂಡನ್ನು ಅಡುಗೆಮನೆಯ ಬಾಗಿಲ ಹೊರಗೆ ಕೊರೆಯುವ ಚಳಿಯಲ್ಲಿ ಮೊಳೆ ಹೊಡೆದು ಬಿಟ್ಟ. ಬೆಳಿಗ್ಗೆ ತೆಗೆದು ಬಗ್ಗಿಸಿದರೆ ಸಲೀಸಾಗಿ ಬಗ್ಗಿತು. ಚಳಿಗಾಲದ ಟೈರಿನ ಮೊದಲ ಪರೀಕ್ಷೆ ಅದೇ ಎನ್ನಬಹುದು, ಟೈರ್ ಎಂಬುದೇ ಇಲ್ಲದ ಕಾಲದಲ್ಲಿ.

ಆದದ್ದಿಷ್ಟು. ರಬ್ಬರ್ ಎಂದರೆ ಉದ್ದುದ್ದ ಅಣುಸರಪಳಿಗಳ ಗೋಜಲು. ಶಾಖ ಕೊಟ್ಟಾಗ ಗಂಧಕ ಈ ಸರಪಳಿಗಳ ನಡುವೆ ಅಲ್ಲಲ್ಲಿ ಗಂಟು ಹಾಕುತ್ತದೆ. ಆಮೇಲೆ ಅವು ಬಿಸಿಗೆ ಜಾರಿ ಹೋಗುವುದಿಲ್ಲ, ಎಳೆದರೆ ಹಿಗ್ಗಿ ಮತ್ತೆ ಮೊದಲಿನಂತಾಗುತ್ತವೆ.

ಎಷ್ಟು ಗಂಧಕ, ಎಷ್ಟು ಶಾಖ, ಎಷ್ಟು ಹೊತ್ತು ಎಂದು ನಿಷ್ಕರ್ಷೆ ಮಾಡಲು ಇನ್ನೂ ಕೆಲವು ವರ್ಷ ಹಿಡಿಯಿತು. 1844ರ ಜೂನ್ 15ರಂದು ಅಮೆರಿಕದ ಪೇಟೆಂಟ್ ಸಿಕ್ಕಿತು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾನ್‌ಕಾಕ್, ಗುಡ್‌ಇಯರ್‌ನ ಮಾದರಿಗಳನ್ನು ಕಂಡ ಮೇಲೆ ತಾನೂ ದಾರಿ ಹುಡುಕಿ ಅಲ್ಲಿನ ಪೇಟೆಂಟ್ ತನ್ನದಾಗಿಸಿಕೊಂಡಿದ್ದ. ರೋಮನ್ನರ ಅಗ್ನಿದೇವತೆ ವಲ್ಕನ್ ಹೆಸರಿನಿಂದ ಈ ಕ್ರಿಯೆಗೆ ವಲ್ಕನೈಸೇಶನ್ ಎಂಬ ಹೆಸರು ಬಂದದ್ದೂ ಹ್ಯಾನ್‌ಕಾಕ್‌ನ ಬಳಗದಿಂದಲೇ. ಅಮೆರಿಕದಲ್ಲಿ 1852ರ ದೊಡ್ಡ ಮೊಕದ್ದಮೆಯಲ್ಲಿ ಡೇನಿಯಲ್ ವೆಬ್‌ಸ್ಟರ್ ವಾದ ಮಾಡಿ ಗುಡ್‌ಇಯರ್‌ನನ್ನು ಗೆಲ್ಲಿಸಿದರು. ಆದರೆ ಬಂದ ಹಣವೆಲ್ಲ ಪ್ರಯೋಗಗಳಿಗೆ, ಲಂಡನ್ ಮತ್ತು ಪ್ಯಾರಿಸ್ ಪ್ರದರ್ಶನಗಳ ವೈಭವಕ್ಕೆ ಖರ್ಚಾಯಿತು. 1853ರಲ್ಲಿ ಕ್ಲಾರಿಸಾ ತೀರಿಕೊಂಡಳು. 1855ರಲ್ಲಿ ಪ್ಯಾರಿಸ್‌ನಲ್ಲಿ ಸಾಲಕ್ಕಾಗಿ ಮತ್ತೆ ಜೈಲಾಯಿತು. ಫ್ರಾನ್ಸಿನ ಲೀಜನ್ ಆಫ್ ಆನರ್ ಗೌರವ ಬಂದದ್ದೂ ಅದೇ ಹೊತ್ತಿಗೆ.

1860ರ ಜುಲೈ 1ರಂದು, ಸಾಯುವ ಸ್ಥಿತಿಯಲ್ಲಿದ್ದ ಮಗಳನ್ನು ನೋಡಲು ಹೊರಟವನು ನ್ಯೂಯಾರ್ಕಿನಲ್ಲಿ ಕಣ್ಣು ಮುಚ್ಚಿದ. ತಲೆಯ ಮೇಲೆ ಸುಮಾರು 2 ಲಕ್ಷ ಡಾಲರ್ ಸಾಲವಿತ್ತು. ಡನ್‌ಲಪ್‌ನ ಗಾಳಿ ತುಂಬಿದ ಟೈರ್ ಬಂದದ್ದು 1888ರಲ್ಲಿ. ಗುಡ್‌ಇಯರ್ ಹೆಸರಿನ ಕಂಪನಿ ಹುಟ್ಟಿದ್ದು 1898ರಲ್ಲಿ. ಅದು ಆತನ ನೆನಪಿಗೆ ಇಟ್ಟ ಹೆಸರಷ್ಟೇ, ಆತನ ಕುಟುಂಬಕ್ಕೆ ಅದರಲ್ಲಿ ಪಾಲಿರಲಿಲ್ಲ.

ಆತ ಹಿಡಿದ ಸಮಸ್ಯೆ ಇನ್ನೂ ಪೂರ್ತಿ ಮುಗಿದಿಲ್ಲ. ನಮ್ಮ ಕಾರಿನ ಮಾಮೂಲಿ ಟೈರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಬಿಗಿಯುತ್ತಾ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ರಬ್ಬರ್ ಮಿಶ್ರಣವೇ ಬೇರೆ, ಹಿಮ ಕಚ್ಚಲು ಅದರ ಮೇಲೆ ನೂರಾರು ಸಣ್ಣ ಸೀಳುಗಳಿರುತ್ತವೆ. ಕೊಳ್ಳುವಾಗ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿರುವ ಗುರುತು ನೋಡಿ. ಹಿಮದ ಮೇಲೆ ಪರೀಕ್ಷೆಯಾದದ್ದಕ್ಕೆ ಅದೇ ಸಾಕ್ಷಿ. ಬರೀ ಎಂ ಪ್ಲಸ್ ಎಸ್ ಎಂದಿದ್ದರೆ ಸಾಲದು. ಎಲೆಕ್ಟ್ರಿಕ್ ಕಾರಿಗೆ ಬ್ಯಾಟರಿಯ ತೂಕವಿರುವುದರಿಂದ ಲೋಡ್ ಇಂಡೆಕ್ಸ್ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಹಾಕಿಸಿದರೆ ನಾಲ್ಕೂ ಚಕ್ರಕ್ಕೆ ಹಾಕಿಸಿ. ರೇಂಜ್ ಸ್ವಲ್ಪ ಇಳಿಯುತ್ತದೆ, ಲೆಕ್ಕದಲ್ಲಿಡಿ. ಮೋಟರಿನ ಶಕ್ತಿ ಒಮ್ಮೆಲೇ ಚಕ್ರಕ್ಕೆ ಬರುವುದರಿಂದ ಪೆಡಲ್ ಮೆಲ್ಲಗೆ ಒತ್ತಿ, ಜಾರುವ ಇಳಿಜಾರಿನಲ್ಲಿ ರೀಜೆನ್ ಕಡಿಮೆ ಮಾಡಿ.

ವರ್ಷಕ್ಕೊಮ್ಮೆ ಎರಡು ದಿನ ಹೋಗಿ ಬರುವವರಿಗೆ ಈ ಖರ್ಚು ಬೇಡ. ಬಯಲಿನ ಬಿಸಿಲಿಗೆ ಅಂಥ ಟೈರ್ ಬೇಗ ಸವೆಯುತ್ತದೆ. ಹಿಮ ಶುರುವಾಗುವಲ್ಲಿ ಕಾರು ನಿಲ್ಲಿಸಿ, ಊರಿನವರ ಟ್ಯಾಕ್ಸಿ ಹಿಡಿಯಿರಿ. ಜೊತೆಯಲ್ಲಿ ಮಕ್ಕಳಿದ್ದರಂತೂ ಎರಡನೇ ಯೋಚನೆ ಬೇಡ.