ಬಟ್ಟೆಯ ನಾಳವನ್ನು ಹೊಲಿದ ವೈದ್ಯ: ಮೈಕೇಲ್ ಡಿಬೇಕಿ

ಹೃದಯದಿಂದ ಹೊರಟು ಸರ್ವಾಂಗಗಳಿಗೂ ರಕ್ತವನ್ನು ಒಯ್ಯುವ ಹಿರಿಯ ನಾಳಕ್ಕೆ ಮಹಾಧಮನಿಯೆಂದು ಹೆಸರು. ಅದು ಉಬ್ಬಿ ಒಡೆದರೆ, ಅಥವಾ ಅದರ ಒಳಪದರವು ಸೀಳಿದರೆ, ಮನುಷ್ಯನ ಪ್ರಾಣಕ್ಕೆ ಕುತ್ತು. ಈ ವ್ಯಾಧಿಯ ಮುಂದೆ ವೈದ್ಯರು ಕೈಚೆಲ್ಲಿ ಕುಳಿತಿದ್ದ ಕಾಲದಲ್ಲಿ ಸೂಜಿ, ದಾರ, ಬಟ್ಟೆಗಳಿಂದ ಅದನ್ನು ಎದುರಿಸಿದವರಲ್ಲಿ ಅಗ್ರಗಣ್ಯರು ಡಾ. ಮೈಕೇಲ್ ಡಿಬೇಕಿಯವರು.

ಅವರು ಜನಿಸಿದ್ದು 1908ರ ಸೆಪ್ಟೆಂಬರ್ 7ರಂದು, ಅಮೇರಿಕದ ಲೂಸಿಯಾನಾ ಸಂಸ್ಥಾನದ ಲೇಕ್ ಚಾರ್ಲ್ಸ್ ಪಟ್ಟಣದಲ್ಲಿ. ತಾಯಿತಂದೆಗಳು ಲೆಬನಾನಿನಿಂದ ವಲಸೆ ಬಂದವರು. ತಂದೆಯದು ಔಷಧದ ವ್ಯಾಪಾರ. ಪರಸ್ಥಳದಲ್ಲಿ ಅಂಗಡಿಯಿಟ್ಟು ಮಕ್ಕಳನ್ನು ಮುಂದೆ ತಂದ ಸಂಸಾರಗಳ ಕಥೆ ನಮ್ಮ ವಾಚಕರಿಗೆ ಹೊಸದಲ್ಲ. ಹೊಲಿಗೆಯಲ್ಲಿ ನಿಪುಣೆಯಾಗಿದ್ದ ತಾಯಿ ಮಗನಿಗೂ ಆ ವಿದ್ಯೆಯನ್ನು ಕಲಿಸಿದರು.

ಟುಲೇನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿದ ಡಿಬೇಕಿಯವರು, ಕೊಳವೆಯನ್ನು ಉರುಳೆಗಳಿಂದ ಒತ್ತುತ್ತ ರಕ್ತವನ್ನು ಮುಂದಕ್ಕೆ ನೂಕುವ ಪಂಪೊಂದನ್ನು ತಾರುಣ್ಯದಲ್ಲಿಯೇ ಸಿದ್ಧಪಡಿಸಿದರು. ಮುಂದೆ ಹೃದಯದ ಶಸ್ತ್ರಕ್ರಿಯೆಯ ವೇಳೆ ರಕ್ತವನ್ನು ಸಂಚರಿಸುವ ಯಂತ್ರಕ್ಕೆ ಆ ಪಂಪೇ ಅಂಗವಾಯಿತು. 1948ರಲ್ಲಿ ಅವರು ಹೂಸ್ಟನ್ ನಗರದ ಬೇಲರ್ ವೈದ್ಯಕೀಯ ಕಾಲೇಜನ್ನು ಸೇರಿದರು.

ಆಗ ಕೆಟ್ಟ ಧಮನಿಯನ್ನು ಕತ್ತರಿಸಿ, ಮೃತದೇಹದಿಂದ ತೆಗೆದ ಧಮನಿಯನ್ನು ಅದರ ಸ್ಥಾನದಲ್ಲಿ ಜೋಡಿಸುತ್ತಿದ್ದರು. ಅಂಥ ಧಮನಿ ಬೇಕೆಂದಾಗ ದೊರೆಯುತ್ತಿರಲಿಲ್ಲ. ಬಟ್ಟೆಯ ನಾಳವನ್ನು ಮಾಡಿ ನೋಡಬೇಕೆಂದು ಡಿಬೇಕಿಯವರು ನೈಲಾನ್ ಕೊಳ್ಳಲು ಅಂಗಡಿಗೆ ಹೋದರು. ಅದು ಮುಗಿದುಹೋಗಿದ್ದುದರಿಂದ ಡೇಕ್ರಾನ್ ತಂದರು. ನಮ್ಮಲ್ಲಿ ಟೆರಿಲಿನ್ ಎಂದು ಹೆಸರಾದ ಬಟ್ಟೆಯ ನೂಲೂ ಅದೇ ಜಾತಿಯದು. ಮನೆಯ ಹೊಲಿಗೆ ಯಂತ್ರದಲ್ಲಿ ತಾವೇ ಅದನ್ನು ನಾಳವಾಗಿ ಹೊಲಿದರು. 1950ರ ದಶಕದಲ್ಲಿ ಆ ನಾಳವು ರೋಗಿಗಳ ಶರೀರವನ್ನು ಸೇರಿ ರಕ್ತವನ್ನು ಒಯ್ಯತೊಡಗಿತು.

ಆದರೆ ಎದೆಯನ್ನೋ ಹೊಟ್ಟೆಯನ್ನೋ ತೆರೆಯುವ ಆ ದೊಡ್ಡ ಶಸ್ತ್ರಕ್ರಿಯೆಯನ್ನು ವೃದ್ಧರೂ ದುರ್ಬಲರೂ ತಾಳಲಾರರು. 1990ರಲ್ಲಿ ಅರ್ಜೆಂಟೀನಾದ ಡಾ. ಹ್ವಾನ್ ಪರೋಡಿಯವರು ಡೇಕ್ರಾನ್ ನಾಳಕ್ಕೆ ಲೋಹದ ಜಾಲರಿಯನ್ನು ಕೂಡಿಸಿ, ಮಡಿಸಿ, ತೊಡೆಸಂದಿನ ಧಮನಿಯಿಂದ ಒಳಕ್ಕೆ ಸೇರಿಸಿ, ಉಬ್ಬಿದ ಸ್ಥಳದಲ್ಲಿ ಬಿಡಿಸಿದರು. ಇದಕ್ಕೂ ಒಂದು ಎಲ್ಲೆಯುಂಟು. ಮೆದುಳಿಗೂ ತೋಳುಗಳಿಗೂ ಕವಲುಗಳು ಒಡೆಯುವ ಧಮನಿಯ ಕಮಾನಿನಲ್ಲಿ ಇಂಥ ನಾಳವನ್ನು ಬಿಡಿಸಿದರೆ ಕವಲುಗಳ ಬಾಯಿಯೇ ಮುಚ್ಚೀತು. ಆದಕಾರಣ ಮಿಶ್ರಪದ್ಧತಿಯೊಂದು ಬೆಳೆಯಿತು. ಮೊದಲು ಶಸ್ತ್ರವೈದ್ಯರು ಶರೀರವನ್ನು ತೆರೆದು ಕವಲುಗಳಿಗೆ ಬೇರೆ ಮಾರ್ಗದಿಂದ ರಕ್ತವನ್ನು ಒದಗಿಸುತ್ತಾರೆ. ಬಳಿಕ ಎಕ್ಸ್‌ರೇ ಚಿತ್ರವನ್ನು ನೋಡುತ್ತ ಮಡಿಸಿದ ನಾಳವನ್ನು ಕಮಾನಿಗೆ ತಲುಪಿಸುತ್ತಾರೆ. ಇದಕ್ಕೆ ಹೈಬ್ರಿಡ್ ಶಸ್ತ್ರಕ್ರಿಯೆಯೆಂದು ಹೆಸರು.

2005ರ ಡಿಸೆಂಬರ್ 31ರಂದು 97 ವರ್ಷದ ಡಿಬೇಕಿಯವರಿಗೇ ಎದೆಯಲ್ಲಿ ಘೋರವಾದ ನೋವು ಕಾಣಿಸಿತು. ಮಹಾಧಮನಿಯ ಸೀಳನ್ನು ವರ್ಗೀಕರಿಸಿ ಜಗತ್ತಿಗೆ ತಿಳಿಸಿದ್ದ ವೈದ್ಯರಿಗೆ ತಮ್ಮ ರೋಗವು ತಕ್ಷಣ ಅರ್ಥವಾಯಿತು. ಹೃದಯಕ್ಕೆ ಅಂಟಿದಂತಿರುವ ಆರಂಭದ ಭಾಗದಲ್ಲಿಯೇ ಸೀಳು. ಅಲ್ಲಿಗೆ ಎದೆಯನ್ನು ತೆರೆಯುವುದೊಂದೇ ದಾರಿ. ಅದಕ್ಕೆ ಅವರು ಒಪ್ಪಲಿಲ್ಲ. ಫೆಬ್ರವರಿಯ ಹೊತ್ತಿಗೆ ಅವರ ಪ್ರಜ್ಞೆ ತಪ್ಪಿತು. ಆಸ್ಪತ್ರೆಯ ಅರಿವಳಿಕೆಯ ವೈದ್ಯರು ಹಿಂಜರಿದರು. ರೋಗಿಯ ಇಚ್ಛೆಯನ್ನು ಮೀರಬಹುದೇ ಎಂದು ಧರ್ಮಾಧರ್ಮ ವಿಚಾರದ ಸಮಿತಿ ಚರ್ಚೆಗೆ ಕುಳಿತಿತು. ಪತ್ನಿ ಕತ್ರೀನ್ ಅವರು ತಡಮಾಡಕೂಡದೆಂದು ಪಟ್ಟುಹಿಡಿದರು. ಫೆಬ್ರವರಿ 9ರ ರಾತ್ರಿ ಅವರ ದೀರ್ಘಕಾಲದ ಸಹೋದ್ಯೋಗಿ ಡಾ. ಜಾರ್ಜ್ ನೂನ್ ಅವರು ಕೆಟ್ಟ ಭಾಗವನ್ನು ತೆಗೆದು ಡೇಕ್ರಾನ್ ನಾಳವನ್ನು ಜೋಡಿಸಿದರು.

ಹಲವು ತಿಂಗಳ ಯಾತನೆಯ ನಂತರ ಡಿಬೇಕಿಯವರು ಚೇತರಿಸಿಕೊಂಡು ಕೆಲಸಕ್ಕೆ ಮರಳಿದರು. ಶಸ್ತ್ರಕ್ರಿಯೆ ನಡೆದದ್ದೇ ಒಳಿತಾಯಿತೆಂದು ಒಪ್ಪಿದರು. ನೂರು ತುಂಬಲು ಎರಡು ತಿಂಗಳಿರುವಾಗ, 2008ರ ಜುಲೈ 11ರಂದು, ನಿಧನರಾದರು. ರೋಗಿಯು ಬೇಡವೆಂದಾಗ ವೈದ್ಯನ ಕರ್ತವ್ಯವೇನೆಂಬ ಪ್ರಶ್ನೆ ಅವರೊಡನೆ ತೀರಲಿಲ್ಲ. ತಾಯಿ ಕಲಿಸಿದ ಹೊಲಿಗೆ ಮಾತ್ರ ಮಗನ ಆಯುಸ್ಸಿಗೆ ಎರಡು ವರ್ಷಗಳನ್ನು ಕೂಡಿಸಿಕೊಟ್ಟಿತು.